ಹೊಳೆದಂಡೆಯ ಮೇಜು, ಬಾಗಿಲಲ್ಲಿ ನಿಂತ ದಂಪತಿ



ಕಳೆದ ಆಗಮನ ಕಾಲದ ಒಂದು ಸಂಜೆ. ಜಪಸರ ಮುಗಿದು ಜನರೆಲ್ಲ ಹೋದ ಮೇಲೆ ದೇವಾಲಯದ ಬಾಗಿಲು ಹಾಕಲು ಬಂದಾಗ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಮೆಟ್ಟಿಲ ಬಳಿ ಕಾದು ನಿಂತಿದ್ದರು. "ಸ್ವಾಮಿ, ಇದನ್ನೊಂದು ಸ್ವಲ್ಪ ನೋಡಿ" ಎಂದು ಮೊಬೈಲು ಮುಂದೆ ಹಿಡಿದರು. ಅವರ ಮಗ ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಅಡುಗೆ ಕೆಲಸದಲ್ಲಿದ್ದಾನೆ. ಅವನು ಕಳುಹಿಸಿದ್ದ ವಿಡಿಯೋದಲ್ಲಿ ನಗರದ ನಡುವೆ ಹರಿಯುವ ಒಂದು ಪುಟ್ಟ ಹೊಳೆ, ಅದರ ಎರಡೂ ದಂಡೆಗಳಲ್ಲಿ ಕಲ್ಲು ಹಾಸಿದ ಕಾಲುದಾರಿ, ನೀರಿನ ಅಂಚಿಗೇ ಜೋಡಿಸಿದ ಊಟದ ಮೇಜುಗಳು, ಬಣ್ಣಬಣ್ಣದ ಕೊಡೆಗಳು, ದೀಪಗಳು, ಪ್ರವಾಸಿಗರನ್ನು ತುಂಬಿಕೊಂಡು ಮೆಲ್ಲಗೆ ಸಾಗುವ ದೋಣಿಗಳು.

"ಬಹಳ ಚೆನ್ನಾಗಿದೆಯಲ್ಲಮ್ಮಾ" ಎಂದೆ.

"ಚೆನ್ನಾಗೇನೋ ಇದೆ ಸ್ವಾಮಿ. ಆದರೆ ಇವನು ಕೆಲಸ ಮಾಡೋ ಕಡೆ ಹಿಂದುಗಡೆ ಅಡುಗೆಮನೆ, ಮುಂದುಗಡೆ ಬಾರು. ಇವನ ಅಪ್ಪನ ಕಥೆ ತಮಗೆ ಗೊತ್ತೇ ಇದೆ. ತಿಂಗಳು ತಿಂಗಳು ದುಡ್ಡು ಕಳಿಸ್ತಾನೆ. ಆ ದುಡ್ಡಿನಲ್ಲಿ ನಾನು ಅನ್ನ ಉಣ್ಣಬಹುದಾ ಸ್ವಾಮಿ?"

ಅವರ ಯಜಮಾನರ ಕಥೆ ನನಗೆ ಗೊತ್ತಿತ್ತು. ಕುಡಿತದಿಂದ ಯಕೃತ್ತು ಕೆಟ್ಟು, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡಿದ್ದರು. ಅಂತ್ಯಸಂಸ್ಕಾರದ ಬಲಿಪೂಜೆಯನ್ನು ಅರ್ಪಿಸಿದವನು ನಾನೇ. ಆ ತಾಯಿಯ ಪ್ರಶ್ನೆಯ ಹಿಂದೆ ಒಂದು ಇಡೀ ಸಂಸಾರದ ಕಣ್ಣೀರಿತ್ತು. "ಅಮ್ಮಾ, ಇದಕ್ಕೆ ನಿಂತ ಕಾಲಿನಲ್ಲಿ ಉತ್ತರ ಹೇಳಲಾರೆ. ಸ್ವಲ್ಪ ಸಮಯ ಕೊಡಿ" ಎಂದು ಹೇಳಿ ಕಳುಹಿಸಿದೆ. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿದವನಿಗೂ ಕೆಲವು ಪ್ರಶ್ನೆಗಳ ಮುಂದೆ ಮೌನವಾಗಿ ಕೂರಬೇಕಾಗುತ್ತದೆ. ಆ ನಗರದ, ಆ ಹೊಳೆಯ ಚರಿತ್ರೆಯನ್ನು ಓದಿದೆ, ಪ್ರಾರ್ಥಿಸಿದೆ. ಅವರಿಗೆ ಕೊಟ್ಟ ಉತ್ತರವನ್ನು ಇಂದು ನಿಮ್ಮೊಡನೆಯೂ ಹಂಚಿಕೊಳ್ಳುತ್ತಿದ್ದೇನೆ. ಏಕೆಂದರೆ ಇದು ಅವರೊಬ್ಬರ ಪ್ರಶ್ನೆಯಲ್ಲ. ನಮ್ಮ ಎಷ್ಟೋ ಮಕ್ಕಳು ದೂರದ ಊರುಗಳ ಹೋಟೆಲುಗಳಲ್ಲಿ ದುಡಿಯುತ್ತಿದ್ದಾರೆ. ನಮ್ಮಲ್ಲೂ ಶಿವಮೊಗ್ಗದ ತುಂಗಾ ತೀರ, ಮಂಗಳೂರಿನ ನೇತ್ರಾವತಿ ತೀರ ಸ್ಮಾರ್ಟ್ ಸಿಟಿ ಯೋಜನೆಯ ಕಾಮಗಾರಿಗಳನ್ನು ಕಂಡಿವೆ.

ಸಂತರ ಹೆಸರಿನ ಹೊಳೆ

ಸ್ಯಾನ್ ಆಂಟೋನಿಯೊ ಎಂದರೆ ಬೇರೆ ಯಾರೂ ಅಲ್ಲ, ನಾವು ಮಂಗಳವಾರ ಮಂಗಳವಾರ ನೊವೆನಾ ಮಾಡುವ ಪದುವಾದ ಸಂತ ಅಂತೋಣಿಯವರೇ. 1691ರ ಜೂನ್ 13ರಂದು ಸ್ಪೇನ್ ದೇಶದ ಒಂದು ತಂಡ ಆ ಹೊಳೆಯ ದಂಡೆಗೆ ಬಂದು ಬೀಡುಬಿಟ್ಟಿತು. ಜೊತೆಯಲ್ಲಿ ಫ್ರಾನ್ಸಿಸ್ಕನ್ ಗುರುಗಳಾದ ದಾಮಿಯಾನ್ ಮಸಾನೆ ಇದ್ದರು. ಅಂದು ಸಂತ ಅಂತೋಣಿಯವರ ಹಬ್ಬ. ಹಾಗಾಗಿ ಆ ಸ್ಥಳಕ್ಕೆ ಅವರ ಹೆಸರನ್ನೇ ಇಟ್ಟರು. ನಮ್ಮ ಡೋರ್ನಹಳ್ಳಿಯಲ್ಲಿ ಭಕ್ತರು ಸಾಗರದಂತೆ ಸೇರುವುದೂ ಅದೇ ಜೂನ್ 13ರಂದು ಎಂಬುದು ನಿಮಗೆ ಗೊತ್ತು. ಅದಕ್ಕೂ ಮೊದಲು ಅಲ್ಲಿ ವಾಸಿಸುತ್ತಿದ್ದ ಪಯಾಯಾ ಎಂಬ ಮೂಲನಿವಾಸಿಗಳು ಆ ಸ್ಥಳವನ್ನು ಯಾನಾಗುವಾನಾ ಎಂದು ಕರೆಯುತ್ತಿದ್ದರು. ಹೊಸಬರು ಬಂದಾಗ ಹಳಬರ ಹೆಸರು ಮರೆಯಾಗುವುದು ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ನೋವು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದಕ್ಕೆ ಮರಳಿ ಬರುತ್ತೇನೆ.

1718ರಲ್ಲಿ ಅಲ್ಲಿ ಮೊದಲ ಧರ್ಮಪ್ರಚಾರ ಕೇಂದ್ರ ಹುಟ್ಟಿತು. ಮುಂದೆ ಹೊಳೆಯ ಉದ್ದಕ್ಕೂ ಇನ್ನೂ ನಾಲ್ಕು ಕೇಂದ್ರಗಳು ಬೆಳೆದವು. ಫ್ರಾನ್ಸಿಸ್ಕನ್ ಗುರುಗಳು ಮತ್ತು ಮೂಲನಿವಾಸಿಗಳು ಕೂಡಿ ಹೊಳೆಯಿಂದ ಕಾಲುವೆಗಳನ್ನು ತೋಡಿದರು. ಕಾಲುವೆಯ ನೀರನ್ನು ಹೊಲಗಳಿಗೆ ಸರದಿಯ ಪ್ರಕಾರ ಹಂಚಲಾಗುತ್ತಿತ್ತು. ನಾಲೆಯ ಬಯಲಿನಲ್ಲಿ ಬೆಳೆದ ನಮ್ಮ ರೈತರಿಗೆ ಈ ಸರದಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಮೇಲಿನ ಹೊಲದವನು ತೂಬು ಮುಚ್ಚದಿದ್ದರೆ ಕೆಳಗಿನ ಹೊಲದವನ ಪೈರು ಒಣಗುತ್ತದೆ. ಎಸ್ಪಾಡಾ ಎಂಬ ಕೇಂದ್ರದ ಬಳಿ 1745ರ ಸುಮಾರಿಗೆ ಮುಗಿದ ಕಲ್ಲಿನ ಮೇಲ್ಗಾಲುವೆ ಇಂದಿಗೂ ನಿಂತಿದೆ. ಆ ಐದು ಕೇಂದ್ರಗಳನ್ನು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳೆಂದು ಘೋಷಿಸಿತು. ಅವುಗಳಲ್ಲಿ ನಾಲ್ಕು ದೇವಾಲಯಗಳಲ್ಲಿ ಇಂದಿಗೂ ದಿವ್ಯ ಬಲಿಪೂಜೆ ನಡೆಯುತ್ತದೆ.

ಹೀಗೆ ಆ ಊರು ಹುಟ್ಟಿದ್ದೇ ನೀರನ್ನು ಹಂಚಿಕೊಳ್ಳುವುದರಿಂದ.

ಪ್ರವಾಹ ಮತ್ತು ಒಬ್ಬ ಯುವಕನ ಕನಸು

1921ರ ಸೆಪ್ಟೆಂಬರಿನಲ್ಲಿ ಆ ಪುಟ್ಟ ಹೊಳೆ ಉಕ್ಕಿ ನಗರವನ್ನೇ ನುಂಗಿತು. ಕನಿಷ್ಠ 50 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ನಗರದ ಪಶ್ಚಿಮ ಭಾಗದ ಹಳ್ಳಗಳ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಮೆಕ್ಸಿಕೊ ಮೂಲದ ಬಡ ಕೂಲಿಕಾರರು, ಬಹುತೇಕ ನಮ್ಮಂತೆಯೇ ಕಥೋಲಿಕರು. ಪ್ರವಾಹದ ನಂತರ ನಗರದ ಮೇಲ್ಭಾಗದಲ್ಲಿ ಒಂದು ಅಣೆಕಟ್ಟು ಎದ್ದಿತು. ಅದರಿಂದ ನಗರದ ನಡುಭಾಗದ ಪೇಟೆಗೆ ರಕ್ಷಣೆ ಸಿಕ್ಕಿತು. ಪಶ್ಚಿಮದ ಹಳ್ಳಗಳು ಮಾತ್ರ ಇದ್ದ ಹಾಗೆಯೇ ಉಳಿದವು.

ಪೇಟೆಯ ನಡುವೆ ಹೊಳೆ ಬಿಲ್ಲಿನಂತೆ ಬಾಗಿ ಹರಿಯುವ ಒಂದು ತಿರುವಿದೆ. ಅದನ್ನು ಮುಚ್ಚಿ ಚರಂಡಿ ಮಾಡಿಬಿಡಬೇಕೆಂಬ ಮಾತೂ ಆಗ ಕೇಳಿಬರುತ್ತಿತ್ತು. 1929ರಲ್ಲಿ ರಾಬರ್ಟ್ ಹಗ್‌ಮನ್ ಎಂಬ ಯುವ ವಾಸ್ತುಶಿಲ್ಪಿ ಬೇರೊಂದು ನಕ್ಷೆಯನ್ನು ನಗರದ ಮುಂದಿಟ್ಟ. ದಂಡೆಯ ಮೇಲೆ ಕಲ್ಲಿನ ಕಾಲುದಾರಿ, ಕಮಾನಿನ ಸೇತುವೆಗಳು, ಮರದ ನೆರಳು, ಚಿಕ್ಕ ಚಿಕ್ಕ ಅಂಗಡಿಗಳು. ಹತ್ತು ವರ್ಷ ಅವನು ಕಾಯಬೇಕಾಯಿತು. 1939ರಿಂದ 1941ರವರೆಗೆ, ನಿರುದ್ಯೋಗಿಗಳಿಗೆ ಕೆಲಸ ಕೊಡಲು ಅಮೆರಿಕದ ಸರ್ಕಾರ ನಡೆಸುತ್ತಿದ್ದ ಯೋಜನೆಯ ಅಡಿಯಲ್ಲಿ ಕಾಮಗಾರಿ ನಡೆಯಿತು. ಕೆಲಸ ಮುಗಿಯುವ ಮೊದಲೇ ಹಗ್‌ಮನ್‌ನನ್ನು ತೆಗೆದುಹಾಕಲಾಯಿತು. ಆದರೂ ಅವನು ತನ್ನ ಕಚೇರಿಯನ್ನು ನೀರಿನ ಮಟ್ಟದಲ್ಲೇ, ಹೊಳೆಯ ಪಕ್ಕದಲ್ಲೇ ತೆರೆದ. "ಮುಂದಿನ ಪ್ರವಾಹಕ್ಕೆ ಇಲಿಯ ಹಾಗೆ ಮುಳುಗುತ್ತಾನೆ" ಎಂದು ಜನ ನಕ್ಕರು. 1946ರಲ್ಲಿ ಕಾಸಾ ರಿಯೊ ಎಂಬ ಮೊದಲ ಹೋಟೆಲು ಆ ದಂಡೆಯ ಮೇಲೆ ಮೇಜು ಹಾಕಿತು. 1968ರಲ್ಲಿ ನಗರಕ್ಕೆ 250 ವರ್ಷ ತುಂಬಿದಾಗ ನಡೆದ ವಿಶ್ವ ಮೇಳದ ನಂತರ ಹೋಟೆಲುಗಳು, ಬಾರುಗಳು ಸಾಲುಗಟ್ಟಿ ಬಂದವು.

ಇತ್ತೀಚಿನ ಕಥೆಯೂ ಹಾಗೆಯೇ. 2009ರಲ್ಲಿ ಕಾಲುದಾರಿಯನ್ನು ಉತ್ತರಕ್ಕೆ ವಿಸ್ತರಿಸಿದರು. ಅದು ಮುಟ್ಟುವುದು ಪರ್ಲ್ ಎಂಬ ಹೆಸರಿನ ಹಳೆಯ ಬಿಯರ್ ಕಾರ್ಖಾನೆಯನ್ನು. 2001ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಆವರಣ ಇಂದು ಊಟದ ಮನೆಗಳು, ಬಾರುಗಳು, ಅಡುಗೆ ಕಲಿಸುವ ಶಾಲೆ, ದೊಡ್ಡ ಹೋಟೆಲಿನಿಂದ ತುಂಬಿದೆ. 2013ರಲ್ಲಿ ದಕ್ಷಿಣಕ್ಕೆ, ಹಳೆಯ ಧರ್ಮಪ್ರಚಾರ ಕೇಂದ್ರಗಳವರೆಗೆ, ಸುಮಾರು 13 ಕಿಲೋಮೀಟರ್ ದಾರಿ ಪೂರ್ಣಗೊಂಡಿತು. ಒಂದು ಕಾಲಕ್ಕೆ ಚರಂಡಿಯಾಗಬಹುದಾಗಿದ್ದ ಹೊಳೆ ಊರಿನ ಮುಖವಾಯಿತು. ಇದು ಮನುಷ್ಯನ ಬುದ್ಧಿ ಮತ್ತು ಶ್ರಮದ ಫಲ. ದೇವರ ಸೃಷ್ಟಿಯನ್ನು ಹಾಳುಗೆಡವದೆ ಅಂದಗೊಳಿಸಿದ ಕೆಲಸವನ್ನು ನಾವು ಮನಸಾರೆ ಮೆಚ್ಚಬೇಕು.

ಉಣ್ಣುವುದು, ಕುಡಿಯುವುದು ಪಾಪವೇ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹೊಳೆದಂಡೆಯ ಮೇಜಿನಲ್ಲಿ ಕುಳಿತು ಉಣ್ಣುವುದು ಪಾಪವೇ? ಅಲ್ಲಿ ಅಡುಗೆ ಮಾಡುವುದು ಪಾಪವೇ?

ಯೇಸುಸ್ವಾಮಿ ಊಟದ ಮೇಜನ್ನು ದೂರವಿಟ್ಟವರಲ್ಲ. ಶುಭಸಂದೇಶವನ್ನು ತೆರೆದರೆ ಅವರು ಯಾರದಾದರೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತಿರುತ್ತಾರೆ, ಇಲ್ಲವೇ ಊಟಕ್ಕೆ ಹೊರಟಿರುತ್ತಾರೆ. ಸುಂಕದವರೊಡನೆ ಉಂಡರೆಂದು ಅವರನ್ನು ಹೊಟ್ಟೆಬಾಕ, ಕುಡುಕ ಎಂದು ಜರೆದವರೂ ಇದ್ದರು. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನಿಗಳ ನೀರನ್ನು ದ್ರಾಕ್ಷಾರಸವಾಗಿ ಮಾಡಿದರು. ಪುನರುತ್ಥಾನದ ನಂತರ ಸರೋವರದ ದಂಡೆಯಲ್ಲೇ ಕೆಂಡದ ಮೇಲೆ ಮೀನು ಸುಟ್ಟು, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರಿಗೆ ಬಡಿಸಿದರು. ನೀರಿನ ದಂಡೆಯಲ್ಲಿ ಊಟ ಬಡಿಸುವ ಕೆಲಸವನ್ನು ನಮ್ಮ ಪ್ರಭುವೇ ಮಾಡಿದ್ದಾರೆ. ಅಡುಗೆಯವನಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೇ?

ಹಾಗಾದರೆ ಕುಡಿತದ ಮಾತೇನು? ಸಂತ ತೋಮಸ್ ಅಕ್ವಿನಾಸರು ಇದನ್ನು ತುಂಬಾ ತಾಳ್ಮೆಯಿಂದ ವಿಚಾರ ಮಾಡಿದ್ದಾರೆ. ದ್ರಾಕ್ಷಾರಸ ತನ್ನಷ್ಟಕ್ಕೆ ತಾನು ನಿಷಿದ್ಧವಲ್ಲ, ಆದರೆ ಸಂದರ್ಭದಿಂದ ನಿಷಿದ್ಧವಾಗಬಹುದು ಎಂಬುದು ಅವರ ಬೋಧನೆ. ಕುಡಿಯುವವನು ಅದರಿಂದ ಬೇಗನೆ ಕೆಡುವ ಸ್ವಭಾವದವನಾಗಿದ್ದರೆ, ಅಥವಾ ಬಿಡುತ್ತೇನೆಂದು ಹರಕೆ ಹೊತ್ತಿದ್ದರೆ, ಅವನಿಗೆ ಅದು ಸಲ್ಲದು. ಮಿತಿ ಮೀರಿದರೆ ಯಾರಿಗೂ ಸಲ್ಲದು. ತನ್ನ ಕುಡಿತದಿಂದ ಮತ್ತೊಬ್ಬರು ಎಡವುವಂತಿದ್ದರೆ ಆಗಲೂ ಸಲ್ಲದು. ಈ ಮೂರು ಮಾತುಗಳನ್ನು ಪ್ರತಿಯೊಂದು ಕುಟುಂಬವೂ ತನ್ನ ಮನೆಗೆ ಹೊಂದಿಸಿ ನೋಡಬೇಕು. ಒಂದು ಮನೆಯಲ್ಲಿ ಹಬ್ಬದ ದಿನದ ಒಂದು ಲೋಟ ವೈನ್ ಸಂತೋಷದ ಗುರುತಾಗಿರಬಹುದು. ಪಕ್ಕದ ಮನೆಯಲ್ಲಿ ಅದೇ ಒಂದು ಲೋಟ, ಹೆಂಡತಿಯ ಮಾಂಗಲ್ಯವನ್ನು ಅಡವಿಡುವ ದಾರಿಯ ಮೊದಲ ಹೆಜ್ಜೆಯಾಗಿರಬಹುದು. ವೈದ್ಯರು ಕುಡಿತದ ಚಟವನ್ನು ಕಾಯಿಲೆ ಎನ್ನುತ್ತಾರೆ. ಆ ಕಾಯಿಲೆಯಿಂದ ಎದ್ದು ಬಂದವನ ಮುಂದೆ ಲೋಟ ಹಿಡಿದು "ಇವತ್ತು ಒಂದು ದಿನ ಪರವಾಗಿಲ್ಲ" ಎನ್ನುವ ನೆಂಟ ಅವನ ಶತ್ರು.

ಕಾನೂನಿನಿಂದಲೇ ಇದನ್ನು ಮುಗಿಸಬಹುದೆಂದು ಅಮೆರಿಕ ಒಮ್ಮೆ ನಂಬಿತ್ತು. 1920ರಿಂದ 1933ರವರೆಗೆ ಇಡೀ ದೇಶದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಬಲಿಪೂಜೆಯ ದ್ರಾಕ್ಷಾರಸಕ್ಕೆ ವಿನಾಯಿತಿ ಇತ್ತು. ನಾನು ಮೇಲೆ ಹೇಳಿದ ಪರ್ಲ್ ಕಾರ್ಖಾನೆಯನ್ನು ಆ ವರ್ಷಗಳಲ್ಲಿ ಎಮ್ಮಾ ಕೋಲರ್ ಎಂಬ ವಿಧವೆ, ಮಂಜುಗಡ್ಡೆ ಮತ್ತು ಅಮಲಿಲ್ಲದ ಪಾನೀಯಗಳನ್ನು ಮಾರಿ ಕೆಲಸಗಾರರೊಡನೆ ಉಳಿಸಿಕೊಂಡರು. ಆದರೆ ದೇಶದಲ್ಲಿ ಕಳ್ಳಭಟ್ಟಿ ಹೆಚ್ಚಿತು, ಕಳ್ಳ ವ್ಯಾಪಾರಿಗಳು ಕೊಬ್ಬಿದರು, ಕೊನೆಗೆ ಕಾನೂನೇ ರದ್ದಾಯಿತು. ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಅಮಲೇರಿದವನಿಗೆ ಮತ್ತೆ ಸುರಿದುಕೊಡುವುದು ಇಂದು ಟೆಕ್ಸಾಸಿನ ಕಾನೂನಿನ ಪ್ರಕಾರವೂ ಅಪರಾಧ. ಅದು ಒಳ್ಳೆಯ ಕಾನೂನು. ಆದರೆ ಬಾಗಿಲಿಗೆ ಬೀಗ ಹಾಕಿದ ಮಾತ್ರಕ್ಕೆ ಮನುಷ್ಯನ ಒಳಗಿನ ದಾಹ ಆರುವುದಿಲ್ಲ. ಸಮಾರಿಯದ ಬಾವಿಯ ದಂಡೆಯಲ್ಲಿ ಆ ಸ್ತ್ರೀಯೊಡನೆ ಯೇಸುಸ್ವಾಮಿ ಮಾತನಾಡಿದ್ದು ಈ ದಾಹವನ್ನು ಕುರಿತೇ.

ಮೇಜಿನಿಂದ ದೂರ ಉಳಿದವರು

ಸಹೋದರ ಸಹೋದರಿಯರೇ, ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಉತ್ತರ ಅರ್ಧವಾಗುತ್ತಿತ್ತು. ಬಾರು ಬಂದಾಗ ನಾವು "ಅಲ್ಲಿ ಏನು ಕುಡಿಯುತ್ತಾರೆ?" ಎಂದಷ್ಟೇ ಕೇಳುತ್ತೇವೆ. ಶುಭಸಂದೇಶ ಇನ್ನೂ ಒಂದು ಪ್ರಶ್ನೆಯನ್ನು ಕೇಳುತ್ತದೆ: ಆ ಮೇಜು ಹಾಕುವಾಗ ಯಾರನ್ನು ಎಬ್ಬಿಸಿದರು? ಯಾರು ಹೊರಗೆ ಉಳಿದರು? ಧನಿಕ ಮತ್ತು ಲಾಜರನ ಸಾಮತಿಯನ್ನು ನೆನಪಿಸಿಕೊಳ್ಳಿ. ಧನಿಕನು ಕುಡುಕನಾಗಿದ್ದನೆಂದು ಸ್ವಾಮಿ ಹೇಳಲಿಲ್ಲ, ಕಳ್ಳನೆಂದೂ ಹೇಳಲಿಲ್ಲ. ಅವನ ಬಾಗಿಲಲ್ಲಿ ಒಬ್ಬ ಮನುಷ್ಯ ಬಿದ್ದಿದ್ದ, ಅವನು ನೋಡಲಿಲ್ಲ. ಅವನ ತಪ್ಪು ಇಷ್ಟೇ.

1968ರ ವಿಶ್ವ ಮೇಳಕ್ಕಾಗಿ ಸ್ಯಾನ್ ಆಂಟೋನಿಯೊದ ನಡುಭಾಗದಲ್ಲಿ ಒಂದು ಇಡೀ ಹಳೆಯ ಬಡಾವಣೆಯನ್ನು ನೆಲಸಮ ಮಾಡಿದರು. ನೂರಾರು ಕುಟುಂಬಗಳು ಒಕ್ಕಲೆದ್ದವು. ಪೋಲೆಂಡಿನಿಂದ ವಲಸೆ ಬಂದ ಬಡವರು ಕಟ್ಟಿಕೊಂಡಿದ್ದ ಸಂತ ಮಿಖಾಯೇಲರ ದೇವಾಲಯವೂ ಅದರಲ್ಲಿ ಹೋಯಿತು. 2014ರಲ್ಲಿ, ದಕ್ಷಿಣದ ಹೊಸ ನದಿದಾರಿಯ ಪಕ್ಕದಲ್ಲಿ ಗಾಲಿಮನೆಗಳಲ್ಲಿ ವಾಸಿಸುತ್ತಿದ್ದ ಸುಮಾರು 300 ಜನರ ಕಾಲೊನಿಯ ಜಾಗವನ್ನು ಹೊಸ ವಸತಿ ಸಮುಚ್ಚಯಕ್ಕೆಂದು ನಗರಸಭೆ ಮಂಜೂರು ಮಾಡಿತು. ಹೊಳೆ ಕೊಳಕಾಗಿದ್ದಾಗ ಅದರ ಪಕ್ಕದಲ್ಲಿ ಬಾಳಿದವರು, ಹೊಳೆ ಚೆಂದವಾದಾಗ ಅಲ್ಲಿಂದ ಏಳಬೇಕಾಯಿತು. ಯಾನಾಗುವಾನಾ ಎಂಬ ಹೆಸರು ಮರೆಯಾದ ಹಾಗೆಯೇ ಇವರ ವಿಳಾಸವೂ ಮರೆಯಾಯಿತು.

ಬಡಿಸುವವರ ವಿಷಯಕ್ಕೆ ಬಂದರೆ, ಟಿಪ್ ಪಡೆಯುವ ಕೆಲಸಗಾರನಿಗೆ ಮಾಲೀಕನು ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿಯನ್ನು ಅಮೆರಿಕದ ಕೇಂದ್ರ ಸರ್ಕಾರ 1991ರಲ್ಲಿ ಗಂಟೆಗೆ 2 ಡಾಲರ್ 13 ಸೆಂಟ್ ಎಂದು ನಿಗದಿ ಮಾಡಿತು. ಟೆಕ್ಸಾಸಿನಲ್ಲಿ ಆ ಮೇಲೆ ಅದು ಏರಿಲ್ಲ. ಟಿಪ್ ಸೇರಿಸಿಯೂ 7 ಡಾಲರ್ 25 ಸೆಂಟ್ ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕೆಂಬ ನಿಯಮವಿದೆ. ಆದರೂ ಬಡಿಸುವವನ ಸಂಸಾರ ನಡೆಯುವುದು ಬಹುಮಟ್ಟಿಗೆ ಉಣ್ಣುವವರ ಔದಾರ್ಯದ ಮೇಲೆ. ದುಡಿದವನ ಕೂಲಿ ನ್ಯಾಯದ ಮಾತು, ದಾನದ ಮಾತಲ್ಲ ಎಂದು ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ ವಿಶ್ವಪತ್ರದಲ್ಲೇ ಬೋಧಿಸಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಈ ಭೂಮಿಯ ಸಂಪತ್ತು ಎಲ್ಲ ಮನುಷ್ಯರಿಗಾಗಿ ಇದೆ ಎಂದು ಸಾರಿತು. ಜಗದ್ಗುರು ಫ್ರಾನ್ಸಿಸರು 2015ರ ವಿಶ್ವಪತ್ರದಲ್ಲಿ, ಸುಂದರವಾದ ಜಾಗಗಳು ಖಾಸಗಿಯಾಗಿ ಸಾಮಾನ್ಯ ಜನರ ಪಾಲಿಗೆ ಮುಚ್ಚಿಹೋಗುವುದನ್ನು ಕಂಡು ಮರುಗಿದ್ದಾರೆ.

ಈ ನೋವಿನ ನಡುವೆ ಒಂದು ಭರವಸೆಯ ಕಥೆಯೂ ಇದೆ. 1921ರಲ್ಲಿ ಮುಳುಗಿದ ಪಶ್ಚಿಮ ಭಾಗ, ನದಿತೀರದಲ್ಲಿ ದೀಪಗಳು ಬೆಳಗಿದ ಮೇಲೂ ಮಳೆಗಾಲದಲ್ಲಿ ಮುಳುಗುತ್ತಲೇ ಇತ್ತು. 1974ರಲ್ಲಿ ಅಲ್ಲಿನ ಕಥೋಲಿಕ ಧರ್ಮಕೇಂದ್ರಗಳ ಗೃಹಿಣಿಯರು, ಕೂಲಿಕಾರರು, ಗುಮಾಸ್ತರು ಒಂದಾಗಿ ಕಾಪ್ಸ್ ಎಂಬ ಸಂಘಟನೆಯನ್ನು ಕಟ್ಟಿದರು. ಗುರುಗಳೂ ಧರ್ಮಾಧ್ಯಕ್ಷರೂ ಬೆಂಬಲಕ್ಕೆ ನಿಂತರು. ದಶಕಗಳ ಹಿಂದೆಯೇ ನಕ್ಷೆಯಾಗಿ ಕಡತದಲ್ಲಿ ಕೊಳೆಯುತ್ತಿದ್ದ ಚರಂಡಿ ಯೋಜನೆಗಳನ್ನು ಅವರು ಹುಡುಕಿ ತೆಗೆದು ನಗರಸಭೆಯ ಮುಂದಿಟ್ಟರು. ದೊಡ್ಡ ಕುಳಗಳು ತಮ್ಮ ಮಾತು ಕೇಳದಿದ್ದಾಗ, ಬ್ಯಾಂಕಿನಲ್ಲಿ ಸಾಲಾಗಿ ನಿಂತು ನೋಟು ಕೊಟ್ಟು ಚಿಲ್ಲರೆ ತೆಗೆದುಕೊಂಡರು, ಮತ್ತೆ ಸಾಲಿನಲ್ಲಿ ನಿಂತು ಚಿಲ್ಲರೆ ಕೊಟ್ಟು ನೋಟು ತೆಗೆದುಕೊಂಡರು. ಯಾರ ಮೇಲೂ ಕೈ ಎತ್ತಲಿಲ್ಲ. ನಗರ 4 ಕೋಟಿ 60 ಲಕ್ಷ ಡಾಲರಿಗೂ ಮಿಕ್ಕಿದ ಹಣವನ್ನು ಚರಂಡಿ ಕಾಮಗಾರಿಗಳಿಗೆ ತೆಗೆದಿಟ್ಟಿತು. ದೇವಾಲಯದಲ್ಲಿ ಜಪಸರ ಹಿಡಿದ ಕೈಗಳೇ ನಗರಸಭೆಯಲ್ಲಿ ಲೆಕ್ಕದ ಕಾಗದ ಹಿಡಿದವು.

ಸ್ಥಳವಿಲ್ಲ ಎಂಬ ಮಾತು

ಆ ತಾಯಿ ತೋರಿಸಿದ ವಿಡಿಯೋದ ಕೊನೆಯ ಭಾಗವನ್ನು ನಾನು ಇನ್ನೂ ಹೇಳಿಲ್ಲ. ಒಂದು ರಾತ್ರಿ ಮಗ ಕಸದ ಚೀಲ ಹೊತ್ತು ಹಿಂಬಾಗಿಲಿನಿಂದ ಹೊರಗೆ ಬಂದಾಗ, ಹೊಳೆಯ ದಾರಿಯಲ್ಲಿ ಮೇಣದ ಬತ್ತಿಗಳನ್ನು ಹಿಡಿದ ಒಂದು ಮೆರವಣಿಗೆ ಹಾಡುತ್ತಾ ಬರುತ್ತಿತ್ತು. ಮುಂದೆ ಮರಿಯಮ್ಮ ಮತ್ತು ಜೋಸೆಫರ ವೇಷದಲ್ಲಿ ಇಬ್ಬರು. ಊಟದ ಮೇಜುಗಳ ಪಕ್ಕದಲ್ಲೇ ಅವರು ಹಾದುಹೋದರು. ಕೆಲವರು ಚಮಚ ಕೆಳಗಿಟ್ಟು ಎದ್ದು ನಿಂತರು. ಕೆಲವರು ನೋಡಲೇ ಇಲ್ಲ. "ಅಮ್ಮಾ, ನಮ್ಮೂರ ಹಬ್ಬದ ತೇರು ನೆನಪಾಯಿತು. ಅಡುಗೆಯ ಏಪ್ರನ್ನಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡೆ" ಎಂದು ಅವನು ಬರೆದಿದ್ದ.

ಅದರ ಹೆಸರು ಲಾಸ್ ಪೊಸಾದಾಸ್, ಎಂದರೆ ತಂಗುದಾಣಗಳು. ಮೆಕ್ಸಿಕೊದ ಕಥೋಲಿಕರು ಕ್ರಿಸ್ತಜಯಂತಿಗೆ ಮುನ್ನ ಒಂಬತ್ತು ರಾತ್ರಿ ಆಚರಿಸುವ ಭಕ್ತಿ ಅದು. ಮರಿಯಮ್ಮ ಮತ್ತು ಜೋಸೆಫರು ಮನೆಮನೆಯ ಬಾಗಿಲು ತಟ್ಟಿ ಇರುಳಿಗೆ ಜಾಗ ಕೇಳುತ್ತಾರೆ. ಒಳಗಿನವರು ಇಲ್ಲವೆನ್ನುತ್ತಾರೆ. ಕೊನೆಯ ಬಾಗಿಲು ತೆರೆಯುತ್ತದೆ, ಎಲ್ಲರೂ ಒಳಗೆ ಹೋಗುತ್ತಾರೆ, ಊಟವಾಗುತ್ತದೆ. ಸ್ಯಾನ್ ಆಂಟೋನಿಯೊದ ಹಳೆಯ ಕಟ್ಟಡಗಳನ್ನು ಕಾಪಾಡುವ ಒಂದು ಸಂಘ 1966ರಿಂದ ಇದನ್ನು ಪ್ರತಿ ಡಿಸೆಂಬರಿನ ಒಂದು ಸಂಜೆ ಹೊಳೆದಾರಿಯಲ್ಲಿ ನಡೆಸಿಕೊಂಡು ಬಂದಿದೆ.

ಯೋಚಿಸಿ ನೋಡಿ. ಹೋಟೆಲುಗಳೇ ತುಂಬಿದ ದಾರಿಯಲ್ಲಿ, ಸತ್ರದಲ್ಲಿ ಜಾಗ ಸಿಗದ ದಂಪತಿ ನಡೆದು ಹೋಗುತ್ತಾರೆ! ಬೆತ್ಲೆಹೇಮಿನ ಆ ಸತ್ರದವನು ಕೆಟ್ಟವನೆಂದು ಶುಭಸಂದೇಶ ಎಲ್ಲೂ ಹೇಳುವುದಿಲ್ಲ. ವ್ಯಾಪಾರದ ಗಡಿಬಿಡಿ ಇದ್ದಿರಬಹುದು. ಆದರೆ ಲೋಕದ ರಕ್ಷಕರು ಅವನ ಬಾಗಿಲ ತನಕ ಬಂದು ದನದ ಕೊಟ್ಟಿಗೆಗೆ ಹೋದರು. ನಮ್ಮ ಊರುಗಳು ಚೆಂದವಾಗಬೇಕು, ಹೊಳೆದಂಡೆಯಲ್ಲಿ ಹೋಟೆಲುಗಳು ಬರಬೇಕು, ನಮ್ಮ ಮಕ್ಕಳಿಗೆ ಅಲ್ಲಿ ಕೆಲಸ ಸಿಗಬೇಕು. ಅದರ ಜೊತೆಗೆ, ಇಲ್ಲಿ ಮರಿಯಮ್ಮನಿಗೂ ಜೋಸೆಫರಿಗೂ ಜಾಗವಿದೆಯೇ ಎಂದು ಕೇಳುವ ಒಂದು ದನಿ ಅಲ್ಲಿರಬೇಕು. ಆ ದನಿ ಧರ್ಮಸಭೆಯದು, ಎಂದರೆ ನಿಮ್ಮದು, ನನ್ನದು.

ನಮ್ಮ ಪಾಲಿಗೆ

ಸಂತ ಪೌಲರು ಕೊರಿಂಥದ ಕ್ರೈಸ್ತರನ್ನು ಗದರಿಸಿದ್ದು ಮೂರ್ತಿಪೂಜೆಗೆ ಮಾತ್ರವಲ್ಲ, ಊಟಕ್ಕಾಗಿಯೂ ಕೂಡ. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ನಮ್ಮಲ್ಲೂ ಹಾಗಾಗುತ್ತಿಲ್ಲವೇ? ಬೆಳಿಗ್ಗೆ ಪೀಠದ ಮುಂದೆ ವಿವಾಹ ಸಂಸ್ಕಾರ, ಸಂಜೆ ಆರತಕ್ಷತೆಯಲ್ಲಿ ಪರದೆಯ ಹಿಂದೆ ಬಾಟಲಿಗಳ ಸಾಲು. ಅದಕ್ಕೆ ಸಾಲ ಮಾಡಿದ ಹೆಣ್ಣಿನ ತಂದೆ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತಾನೆ. ಹೊಳೆದಂಡೆಯ ಬಾರನ್ನು ಟೀಕಿಸುವ ಮೊದಲು ನಮ್ಮ ಸಭಾಂಗಣದ ಹಿಂದುಗಡೆಯನ್ನು ನೋಡಿಕೊಳ್ಳೋಣ.

ಕುಟುಂಬದೊಡನೆ ಹೋಟೆಲಿಗೆ ಹೋದಾಗ ನೀರು ತಂದಿಡುವ ಹುಡುಗನ ಮುಖವನ್ನು ನೋಡಿ ಎರಡು ಮಾತಾಡಿ. ಅವನೂ ಯಾವುದೋ ತಾಯಿಯ ಮಗ. ಮನೆಯಲ್ಲಿ ಕುಡಿತ ಬಿಡಲು ಹೆಣಗುತ್ತಿರುವವರಿದ್ದರೆ, ಅವರಿಗಾಗಿ ಇಡೀ ಕುಟುಂಬ ಬಾಟಲಿಯನ್ನು ಹೊರಗಿಡಲಿ. ಅದು ಕ್ರೈಸ್ತ ಪ್ರೀತಿಯ ಉಪವಾಸ. ನಿಮ್ಮ ಊರಿನ ಹೊಳೆದಂಡೆಗೋ ಕೆರೆದಂಡೆಗೋ ಹೊಸ ಯೋಜನೆ ಬಂದಾಗ ಸಭೆಗೆ ಹೋಗಿ. ಅಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ತಳ್ಳುಗಾಡಿಯವರು ಎಲ್ಲಿಗೆ ಹೋಗಬೇಕು ಎಂದು ಕೇಳಿ. ಒಬ್ಬರೇ ಹೋಗಬೇಡಿ, ಧರ್ಮಕೇಂದ್ರದ ನಾಲ್ಕು ಜನರನ್ನು ಕೂಡಿಸಿಕೊಂಡು ಹೋಗಿ.

ಆ ತಾಯಿಗೆ ನಾನು ಹೇಳಿದ್ದಿಷ್ಟು: "ಅಮ್ಮಾ, ಆ ಹಣ ನಿಮ್ಮ ಮಗನ ಬೆವರಿನದು. ಒಲೆಯ ಮುಂದೆ ನಿಂತು ದುಡಿದದ್ದು. ಅದರಲ್ಲಿ ಧಾರಾಳವಾಗಿ ಅನ್ನ ಉಣ್ಣಿ. ಆದರೆ ಮಗನಿಗೆ ಎರಡು ಮಾತು ಹೇಳಿ. ಅಪ್ಪನ ಕಥೆಯನ್ನು ಮರೆಯಬೇಡ, ನಿನಗೆ ಒಂದು ತೊಟ್ಟೂ ಸಲ್ಲದು. ಕಸ ಹಾಕಲು ಹಿಂಬಾಗಿಲು ತೆರೆದಾಗ ಅಲ್ಲಿ ಯಾರು ನಿಂತಿದ್ದಾರೆಂದು ನೋಡು."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಆಗಲಿ ಸ್ವಾಮಿ" ಎಂದು ಹೋದರು. ಕ್ರಿಸ್ಮಸ್ ಕಳೆದ ಮೇಲೆ ನನಗೆ ತಿಳಿದ ಸಂಗತಿ ಬೇರೆ. ಅವರ ಬೀದಿಯಲ್ಲೇ ಇನ್ನೊಂದು ಮನೆಯಿದೆ, ಗಂಡನ ಕುಡಿತದಿಂದ ಒಲೆ ಹೊತ್ತುವುದೇ ಕಷ್ಟವಾದ ಮನೆ. ಮಗ ಹಣ ಕಳುಹಿಸಿದ ಪ್ರತಿ ತಿಂಗಳು, ಮಂಗಳವಾರದ ನೊವೆನಾ ಮುಗಿಸಿ, ಸಂತ ಅಂತೋಣಿಯವರ ಹೆಸರಿನಲ್ಲಿ ಅವರು ಆ ಮನೆಯ ಮಕ್ಕಳಿಗೆ ಅಕ್ಕಿ, ಬೇಳೆ ತಲುಪಿಸುತ್ತಿದ್ದಾರಂತೆ. ನನಗೆ ಅವರು ಹೇಳಲಿಲ್ಲ. ಹೇಳಿದವಳು ಆ ಮನೆಯ ಹುಡುಗಿ, ಧರ್ಮೋಪದೇಶದ ತರಗತಿಯಲ್ಲಿ. ಸಂತ ಅಂತೋಣಿಯವರ ಹೊಳೆಯ ನೀರು ಅಷ್ಟು ದೂರದಿಂದ ಹರಿದು ನಮ್ಮ ಬೀದಿಯ ಒಂದು ಒಲೆಯನ್ನು ತಲುಪಿದೆ.

ಪ್ರಭು ಯೇಸು ನಮ್ಮ ಮನೆಗಳ ಬಾಗಿಲನ್ನು ತಟ್ಟುವಾಗ ಒಳಗಿನಿಂದ ಸ್ಥಳವಿಲ್ಲ ಎಂಬ ಮಾತು ಬಾರದಿರಲಿ. ನಿಮ್ಮ ಊಟದ ಮೇಜನ್ನೂ ಅದರ ಸುತ್ತ ಕೂರುವವರನ್ನೂ, ಇನ್ನೂ ಬಾಗಿಲಲ್ಲೇ ನಿಂತಿರುವವರನ್ನೂ ಅವರು ಆಶೀರ್ವದಿಸಲಿ. ಆಮೆನ್.